ಊರೆಲ್ಲ ನೋಡಿದ ಸಮಾಧಿ ಕಾಣೆಯಾಗಿದ್ದು ಹೇಗೆ? ಅಲೆಕ್ಸಾಂಡರ್, ಕ್ಲಿಯೋಪಾತ್ರ, ಮತ್ತಿತರರು

ಕೋಟೆಬೆಟ್ಟ

ಎಲ್ಲರಿಗೂ ನಮಸ್ಕಾರ. ಚೆಂಗಿಸ್ ಖಾನನ ಗೋರಿ ಸಿಕ್ಕಿಲ್ಲ ಅಂದರೆ ನನಗೇನೂ ಆಶ್ಚರ್ಯವಿಲ್ಲ. ಯಾರಿಗೂ ಗೊತ್ತಾಗಬಾರದು ಅಂತಲೇ ಹೂತರು, ಗೊತ್ತಾಗಲಿಲ್ಲ. ಗಾಥರ ದೊರೆ ಅಲಾರಿಕ್‌ನ ಕಥೆಯೂ ಅದೇ. ಕ್ರಿ.ಶ. 410ರಲ್ಲಿ ರೋಮ್ ಕೊಳ್ಳೆ ಹೊಡೆದು ದಕ್ಷಿಣ ಇಟಲಿಗೆ ಬಂದವನು ಅಲ್ಲೇ ತೀರಿಕೊಂಡ. ಬುಸೆಂಟೊ ನದಿಯನ್ನು ಬೇರೆ ಕಡೆ ತಿರುಗಿಸಿ, ತಳದಲ್ಲಿ ಹೂತು, ಮತ್ತೆ ನೀರು ಬಿಟ್ಟು, ಗುಂಡಿ ತೋಡಿದ ಆಳುಗಳನ್ನೆಲ್ಲ ಕೊಂದರು ಅಂತ ಇತಿಹಾಸಕಾರ ಜೋರ್ಡಾನಿಸ್ ಬರೆದಿದ್ದಾನೆ.

ಆದರೆ ಅಲೆಕ್ಸಾಂಡರನದು ಹಾಗಲ್ಲವಲ್ಲ. ಅವನ ಸಮಾಧಿಯನ್ನು ಯಾರೂ ಬಚ್ಚಿಡಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ, ಅರಮನೆಯ ಆವರಣದಲ್ಲಿ, ಎಲ್ಲರಿಗೂ ಕಾಣುವಂತೆ ಇತ್ತು. ರೋಮಿನ ಚಕ್ರವರ್ತಿಗಳು ಒಬ್ಬರ ಹಿಂದೊಬ್ಬರು ಬಂದು ನೋಡಿಹೋದರು. ಈಗ ನೋಡಿದರೆ ಅದು ಯಾವ ಬೀದಿಯಲ್ಲಿತ್ತು ಅಂತಲೂ ಹೇಳುವವರಿಲ್ಲ. ಅಷ್ಟು ದೊಡ್ಡ ಕಟ್ಟಡ ಕಾಣೆಯಾಗೋದು ಹೇಗೆ, ಯಾವಾಗ? ಯೂಟ್ಯೂಬ್‌ನಲ್ಲಿ ಹುಡುಕಿದರೆ ಬರೀ ಶಾಪ, ರಹಸ್ಯ, ಬೆಚ್ಚಿಬೀಳುವ ಸತ್ಯ. ಓದಿಕೊಂಡವರು ಯಾರಾದರೂ ಹೇಳಿ.

ಗೊಜ್ಜವಲಕ್ಕಿ

ಸತ್ತವನಿಗೇ ಇಲ್ಲದ ಚಿಂತೆ ನಿಮಗ್ಯಾಕೆ ಸಾರ್? ಆದ್ರೂ ಕೂತಿದ್ದೀನಿ, ಶುರುಮಾಡಿ.

ಕಲ್ಲುಬರಹ

ಕೋಟೆಬೆಟ್ಟ ಅವರೇ, ಒಂದೇ ಸಲಕ್ಕೆ ಹೇಳಿ ಮುಗಿಯುವುದಿಲ್ಲ, ಕಂತಿನಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ ಆ ದೇಹ ಅಲೆಕ್ಸಾಂಡ್ರಿಯಾಕ್ಕೆ ಹೋಗಬೇಕಾದದ್ದೇ ಅಲ್ಲ. ಕ್ರಿ.ಪೂ. 323ರ ಜೂನ್‌ನಲ್ಲಿ ಬ್ಯಾಬಿಲೋನಿನಲ್ಲಿ ಸತ್ತಾಗ ಅವನಿಗೆ ಇನ್ನೂ 33 ತುಂಬಿರಲಿಲ್ಲ. ಮೆಸಿಡೋನಿಯದ ರಾಜರನ್ನು ಮಣ್ಣು ಮಾಡುತ್ತಿದ್ದುದು ಐಗೈ ಎಂಬ ಹಳೆಯ ರಾಜಧಾನಿಯಲ್ಲಿ. ದೇಹವನ್ನು ಅಲ್ಲಿಗೇ ಒಯ್ಯುತ್ತಿದ್ದರು ಅನ್ನುತ್ತಾನೆ ಹಳೆಯ ಗ್ರೀಕ್ ಲೇಖಕ ಪೌಸಾನಿಯಸ್. ಇಲ್ಲ, ಈಜಿಪ್ಟಿನ ಮರುಭೂಮಿಯ ಅಮ್ಮೋನ್ ದೇವಾಲಯಕ್ಕೆ, ಅಂದರೆ ಈಗಿನ ಸೀವಾ ಓಯಸಿಸ್‌ಗೆ ಅನ್ನುತ್ತಾನೆ ಗ್ರೀಕ್ ಇತಿಹಾಸಕಾರ ಡಯೊಡೊರಸ್. ಅಲ್ಲಿಗೆ ಮೊದಲ ದಿನದಿಂದಲೇ ಗೊಂದಲ.

ಶವದ ಗಾಡಿ ತಯಾರಾಗಲು ಹತ್ತಿರಹತ್ತಿರ ಎರಡು ವರ್ಷ ಹಿಡಿಯಿತು. ಡಯೊಡೊರಸ್ ಅದನ್ನು ಬಣ್ಣಿಸಿರುವುದನ್ನು ಓದಿದರೆ ನಮ್ಮೂರಿನ ಬ್ರಹ್ಮರಥವೇ ಕಣ್ಣ ಮುಂದೆ ಬರುತ್ತದೆ. ಮೈಯಳತೆಗೆ ಬಡಿದು ಮಾಡಿದ ಚಿನ್ನದ ಪೆಟ್ಟಿಗೆ, ಒಳಗೆ ಸುಗಂಧದ್ರವ್ಯ, ಮೇಲೆ ಚಿನ್ನದ ಕಸೂತಿಯ ಕೆನ್ನೇರಳೆ ವಸ್ತ್ರ. ಸುತ್ತಲೂ ಕಂಬಸಾಲು, ಕಂಬಗಳ ನಡುವೆ ಚಿನ್ನದ ಬಲೆ. ಬಲೆಗೆ ಚಿತ್ರ ಬರೆದ ನಾಲ್ಕು ಉದ್ದನೆಯ ಹಲಗೆ. ಅವುಗಳಲ್ಲಿ ಒಂದರ ಮೇಲೆ ಯುದ್ಧದ ಆನೆಗಳಿದ್ದವು, ಆನೆಯ ಮುಂದೆ ಭಾರತದ ಮಾವುತರು, ಹಿಂದೆ ಮೆಸಿಡೋನಿಯದ ಸೈನಿಕರು. ಎಳೆಯಲು 64 ಹೇಸರಗತ್ತೆಗಳು. ಒಂದೊಂದರ ತಲೆಗೂ ಚಿನ್ನದ ನೀರು ಕೊಟ್ಟ ಕಿರೀಟ, ಎರಡೂ ಕೆನ್ನೆಯ ಪಕ್ಕ ಚಿನ್ನದ ಗಂಟೆ. ಹಳ್ಳದಿಣ್ಣೆಗೆ ಪೆಟ್ಟಿಗೆ ಕುಲುಕಬಾರದೆಂದು ಅಚ್ಚಿನಲ್ಲೇ ಒಂದು ಏರ್ಪಾಡು ಇತ್ತಂತೆ. ಮುಂದೆ ಮುಂದೆ ರಸ್ತೆ ಸರಿಮಾಡುತ್ತ ಹೋಗುವ ಆಳುಗಳ ದಂಡೇ ಬೇರೆ.

ಈ ಮೆರವಣಿಗೆ ಸಿರಿಯಾಕ್ಕೆ ಬರುತ್ತಲೂ ಈಜಿಪ್ಟನ್ನು ಹಿಡಿದಿದ್ದ ಸೇನಾಪತಿ ಟಾಲೆಮಿ ಸೈನ್ಯದ ಸಮೇತ ಎದುರುಗೊಂಡ. ಹೆಸರಿಗೆ ಸ್ವಾಗತ, ಆಗಿದ್ದು ಅಪಹರಣ. ಅದು ಕ್ರಿ.ಪೂ. 321.

ಹುಬ್ಬಳ್ಳಿ_ಹುಡುಗ

ಅಲ್ರೀ ಸರ, ಒಂದು ಹೆಣದ ಸಲುವಾಗಿ ಇಷ್ಟ್ ಗುದ್ದಾಟ ಯಾಕ್ರೀ? ರಾಜ್ಯಾನೇ ಹಂಚಿಕೊಂಡ್ರು, ಹೆಣ ತಗೊಂಡ್ ಏನ್ ಮಾಡಾವ್ರಿದ್ರು?

ಕಲ್ಲುಬರಹ

ಹಿಂದಿನ ರಾಜನ ಉತ್ತರಕ್ರಿಯೆ ಮಾಡಿದವನೇ ಮುಂದಿನ ರಾಜ ಅನ್ನುವುದು ಅವರ ಪದ್ಧತಿ. ಅಲೆಕ್ಸಾಂಡರನಿಗೆ ಆಳುವ ವಯಸ್ಸಿನ ಮಗ ಇರಲಿಲ್ಲ. ಹಾಗಾಗಿ ದೇಹ ಯಾರ ಬಳಿ ಇದೆಯೋ ಹಕ್ಕು ಅವರದು ಎಂಬ ಹಾಗಾಯಿತು. ರಾಜಪ್ರತಿನಿಧಿಯಾಗಿದ್ದ ಪರ್ಡಿಕಸ್ ಕೆರಳಿ ಈಜಿಪ್ಟಿನ ಮೇಲೆ ದಂಡೆತ್ತಿ ಬಂದ. ನೈಲ್ ದಾಟಲು ಹೋಗಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅರ್ಧದಷ್ಟು ಮಂದಿ ನದಿಯ ಮೃಗಗಳಿಗೆ ಆಹಾರವಾದರು ಅನ್ನುತ್ತಾನೆ ಡಯೊಡೊರಸ್. ಮೊಸಳೆಗಳು ಅಂತಿಟ್ಟುಕೊಳ್ಳಿ. ರೋಸಿಹೋದ ಅವನ ಅಧಿಕಾರಿಗಳೇ ಡೇರೆಗೆ ನುಗ್ಗಿ ಪರ್ಡಿಕಸ್‌ನನ್ನು ಮುಗಿಸಿದರು.

ಟಾಲೆಮಿ ದೇಹವನ್ನು ಮೊದಲು ಈಜಿಪ್ಟಿನ ಹಳೆಯ ರಾಜಧಾನಿ ಮೆಂಫಿಸ್‌ನಲ್ಲಿ ಇಟ್ಟ. ಆಮೇಲೆ ಅಲೆಕ್ಸಾಂಡ್ರಿಯಾಕ್ಕೆ ತಂದವನು ಅವನ ಮಗ, ಎರಡನೇ ಟಾಲೆಮಿ, ಅನ್ನುತ್ತಾನೆ ಪೌಸಾನಿಯಸ್. ನಾಲ್ಕನೇ ಟಾಲೆಮಿ ಹೊಸ ಸ್ಮಾರಕ ಕಟ್ಟಿಸಿ ಅಲೆಕ್ಸಾಂಡರನನ್ನೂ ತನ್ನ ವಂಶದವರನ್ನೂ ಅಲ್ಲೇ ಒಟ್ಟಿಗೆ ಸೇರಿಸಿದ. ಊರವರ ಬಾಯಲ್ಲಿ ಅದು ‘ಸೋಮಾ’. ನೀವು ಕೇಳುತ್ತಿರುವ ‘ಕಾಣೆಯಾದ ಸಮಾಧಿ’ ಇದು, ಅಂದರೆ ಮೂರನೆಯದು. ಮೆಂಫಿಸ್‌ನದೂ ಸಿಕ್ಕಿಲ್ಲ, ಅಲೆಕ್ಸಾಂಡ್ರಿಯಾದ ಮೊದಲನೆಯದೂ ಸಿಕ್ಕಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಮಲ್ಲಿಗೆಮೊಗ್ಗು

ಚಿನ್ನದ ಪೆಟ್ಟಿಗೆ ಏನಾಯ್ತು ಅಂತ ಯಾರೂ ಕೇಳಲಿಲ್ಲ ನೋಡಿ! ಇನ್ನೊಂದು, ರೋಮಿನ ಚಕ್ರವರ್ತಿ ಅಗಸ್ಟಸ್ ಹೆಣದ ಮೂಗು ಮುರಿದ ಅಂತಾರಲ್ಲ, ಅದು ನಿಜಾನಾ?

ಕಲ್ಲುಬರಹ

ಚಿನ್ನ ಎಷ್ಟು ದಿನ ಉಳಿದೀತು ಮೇಡಂ! ಕ್ರಿ.ಪೂ. ಒಂದನೇ ಶತಮಾನದ ಹೊತ್ತಿಗೆ ಟಾಲೆಮಿ ವಂಶದವನೇ ಅದನ್ನು ಎತ್ತಿಕೊಂಡು ಗಾಜಿನ ಪೆಟ್ಟಿಗೆ ಇಟ್ಟ. ಇದನ್ನು ಹೇಳುವವನು ಭೂಗೋಳಕಾರ ಸ್ಟ್ರಾಬೊ, ಕ್ರಿ.ಪೂ. 20ರ ದಶಕದಲ್ಲಿ ಆ ಊರಿನಲ್ಲೇ ವಾಸವಿದ್ದವನು. ಸೋಮಾ ಅರಮನೆಗಳ ಭಾಗವಾಗಿತ್ತು, ಅರಮನೆಗಳು ಊರಿನ ಕಾಲು ಭಾಗವನ್ನೋ ಮೂರನೇ ಒಂದು ಭಾಗವನ್ನೋ ಹಿಡಿದಿದ್ದವು ಅಂತಲೂ ಅವನೇ ಬರೆದಿದ್ದಾನೆ. ವಿಳಾಸ ಅಂತ ನಮ್ಮ ಕೈಯಲ್ಲಿರುವುದು ಇದಿಷ್ಟೇ. ಸೋಮಾ ಎಂದರೆ ಎಲ್ಲರಿಗೂ ಗೊತ್ತು, ಬಿಡಿಸಿ ಹೇಳುವುದೇನಿದೆ ಅಂತ ಬಿಟ್ಟಿದ್ದಾನೆ ಅಂತ ಕಾಣುತ್ತದೆ.

ಮೂಗಿನ ಕಥೆ ಬರುವುದು ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೊನಲ್ಲಿ. ಘಟನೆ ನಡೆದದ್ದು ಕ್ರಿ.ಪೂ. 30ರಲ್ಲಿ, ಅವನು ಬರೆದದ್ದು ಇನ್ನೂರು ವರ್ಷ ಕಳೆದ ಮೇಲೆ, ಅದೂ ‘ಹಾಗಂತೆ’ ಎಂಬ ಧಾಟಿಯಲ್ಲಿ. ಅವನಿಗಿಂತ ಮೊದಲು ಬರೆದ ಸ್ವೆಟೋನಿಯಸ್‌ನಲ್ಲಿ ಮೂಗಿನ ಸುದ್ದಿಯೇ ಇಲ್ಲ. ಅಗಸ್ಟಸ್ ಚಿನ್ನದ ಕಿರೀಟ ಇಟ್ಟು ಹೂವು ಚೆಲ್ಲಿದ ಅಂತಷ್ಟೇ ಇದೆ. ಟಾಲೆಮಿಗಳ ಸಮಾಧಿಯನ್ನೂ ನೋಡುತ್ತೀರಾ ಅಂದದ್ದಕ್ಕೆ, ನಾನು ನೋಡಬೇಕೆಂದದ್ದು ರಾಜನನ್ನು, ಹೆಣಗಳನ್ನಲ್ಲ ಅಂದನಂತೆ. ನಾನು ಕೇಳಿದರೆ ಮೂಗಿಗಿಂತ ಈ ಮಾತೇ ಹೆಚ್ಚು ನಂಬುವಂತಿದೆ.

ನಂತರ ಕ್ಯಾಲಿಗುಲ ಅಲ್ಲಿಂದ ಅಲೆಕ್ಸಾಂಡರನ ಎದೆಗವಚ ತರಿಸಿಕೊಂಡು ತೊಟ್ಟುಕೊಳ್ಳುತ್ತಿದ್ದ. ಕ್ರಿ.ಶ. 200ರ ಸುಮಾರಿಗೆ ಸೆಪ್ಟಿಮಿಯಸ್ ಸೆವೆರಸ್ ಸಮಾಧಿಯನ್ನು ಮುಚ್ಚಿಸಿದ. ಅವನ ಮಗ ಕ್ಯಾರಕಲ್ಲ 215ರಲ್ಲಿ ಬಂದು ಮೈಮೇಲಿನ ಮೇಲಂಗಿ, ಉಂಗುರ, ಸೊಂಟಪಟ್ಟಿ ಬಿಚ್ಚಿ ಅಲ್ಲಿಟ್ಟು ಹೋದ. ಅದೇ ಭೇಟಿಯಲ್ಲಿ ಆ ಊರಿನ ಜನರನ್ನು ಬೀದಿಬೀದಿಯಲ್ಲಿ ಕಡಿಸಿದ, ಅದು ಬೇರೆ ಮಾತು. ಚಕ್ರವರ್ತಿಯೊಬ್ಬ ಸಮಾಧಿಗೆ ಹೋದದ್ದಕ್ಕೆ ಬರಹದಲ್ಲಿ ಸಿಗುವ ಕೊನೆಯ ದಾಖಲೆ ಅದು.

ಕೋಟೆಬೆಟ್ಟ

ಅಲ್ಲಿಗೆ 215ರವರೆಗೂ ಇತ್ತು. ಆಮೇಲೆ?

ಕಲ್ಲುಬರಹ

ಆಮೇಲಿನದಕ್ಕೆ ಯಾರೂ ತಾರೀಖು ಕೊಡಲಾರರು. ಆದರೆ ಊರಿಗೆ ಏನೇನಾಯಿತು ಅಂತ ನೋಡಿದರೆ ಸಾಕು. 270ರ ದಶಕದಲ್ಲಿ ಚಕ್ರವರ್ತಿ ಆರೀಲಿಯನ್‌ನ ಕಾಲದ ಯುದ್ಧದಲ್ಲಿ ಅರಮನೆ ಇದ್ದ ಬಡಾವಣೆಯೇ ಹಾಳಾಯಿತು. 297–298ರಲ್ಲಿ ಡಯೊಕ್ಲೀಷಿಯನ್ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. 365ರ ಜುಲೈ 21ರಂದು ಸಮುದ್ರ ಹಿಂದೆ ಸರಿದು, ಮತ್ತೆ ಮಗುಚಿಕೊಂಡು ಬಂತು. ಅಲೆಕ್ಸಾಂಡ್ರಿಯಾದಲ್ಲಿ ಹಡಗುಗಳು ಮನೆಯ ಮಾಳಿಗೆಗಳ ಮೇಲೆ ಹೋಗಿ ಕೂತವು ಅಂತ ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. 391ರಲ್ಲಿ ಹಳೆಯ ದೇವಾಲಯಗಳನ್ನು ಮುಚ್ಚಿಸಿದರು, ಸೆರಾಪಿಸ್‌ನ ಗುಡಿ ನೆಲಸಮವಾಯಿತು.

ಕ್ರಿ.ಶ. 400ರ ಸುಮಾರಿಗೆ ಜಾನ್ ಕ್ರಿಸೊಸ್ಟಮ್ ಎಂಬ ಕ್ರೈಸ್ತ ಗುರು ಪ್ರವಚನದಲ್ಲಿ, ಅಲೆಕ್ಸಾಂಡರನ ಸಮಾಧಿ ಎಲ್ಲಿದೆ ತೋರಿಸಿ ನೋಡೋಣ ಅಂತ ಸವಾಲು ಹಾಕುತ್ತಾನೆ. ಯಾರೂ ತೋರಿಸಲಾರರು ಅಂತ ಗೊತ್ತಿದ್ದೇ ಕೇಳುವ ಧಾಟಿ ಅದು. ಕಾಣೆಯಾದದ್ದಕ್ಕೆ ನನ್ನ ಲೆಕ್ಕದಲ್ಲಿ ದೊಡ್ಡ ಸಾಕ್ಷಿ ಇದೇ.

ಒಂದೇ ದಿನ ಯಾರೋ ಒಡೆದರು ಅಂತ ನಾನು ನಂಬುವುದಿಲ್ಲ. ಪೂಜೆ ನಿಂತಿತು, ರಾಜವಂಶ ಮುಗಿದಿತ್ತು, ಕಾಯುವವರಿಗೆ ಸಂಬಳ ಕೊಡುವವರಿಲ್ಲ. ಪಕ್ಕದಲ್ಲೇ ಮನೆ ಕಟ್ಟುವವನಿಗೆ ಕಲ್ಲು ಬೇಕಿತ್ತು. ಅಮೃತಶಿಲೆಯನ್ನು ಸುಟ್ಟರೆ ಸುಣ್ಣ ಬರುತ್ತದೆ. ನಮ್ಮ ಕಡೆ ಹಾಳುಬಿದ್ದ ಗುಡಿಯ ಕಂಬಗಳು ಕೆರೆಯ ತೂಬಿಗೆ ಹೋಗಿಲ್ಲವೇ?

ಮಣ್ಣುಪರೀಕ್ಷೆ

ಸಿವಿಲ್ ಎಂಜಿನಿಯರ್ ಕಡೆಯಿಂದ ಒಂದು ಮಾತು. ಅಡಿಪಾಯದ ಕೆಲಸ ಮಾಡುವವನು ನಾನು, ಇತಿಹಾಸ ಅಷ್ಟಾಗಿ ಗೊತ್ತಿಲ್ಲ. ಎಲ್ಲರೂ ಅಗೆದರೆ ಸಿಗುತ್ತೆ ಅನ್ನೋ ಹಾಗೆ ಮಾತಾಡ್ತಾರೆ. ಅಲೆಕ್ಸಾಂಡ್ರಿಯಾ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಿಯೂತ್ ಸರೋವರ, ಮಧ್ಯೆ ಇರುವ ಪಟ್ಟಿ. ಹಳೇ ಊರಿನ ಮಟ್ಟ ಇವತ್ತಿನ ರಸ್ತೆಯಿಂದ ಎಷ್ಟೋ ಮೀಟರ್ ಕೆಳಗಿದೆ, ಅಂತರ್ಜಲ ಅದಕ್ಕೂ ಮೇಲೆ. ಗುಂಡಿ ತೆಗೆದ ಕೂಡಲೇ ನೀರು ತುಂಬುತ್ತೆ. ಪಂಪ್ ಇಟ್ಟು ಹಗಲೂ ರಾತ್ರಿ ಎತ್ತಬೇಕು. ಎತ್ತಿದರೆ ಆಚೀಚೆ ಕಟ್ಟಡದ ಕೆಳಗಿನ ಮಣ್ಣು ಒಣಗಿ ಕುಸಿಯುತ್ತೆ, ಗೋಡೆ ಬಿರುಕು ಬಿಡುತ್ತೆ. ಆ ಊರಲ್ಲಿ ಮೊದಲೇ ಹಳೇ ಕಟ್ಟಡಗಳು ಬೀಳ್ತಿವೆ. ಐದು ಮಹಡಿ ಮನೆ ಪಕ್ಕ ಹನ್ನೆರಡು ಮೀಟರ್ ಗುಂಡಿಗೆ ಯಾವ ಮುನಿಸಿಪಾಲಿಟಿ ಪರ್ಮಿಷನ್ ಕೊಡುತ್ತೆ ಹೇಳಿ.

ಕಲ್ಲುಬರಹ

ನೂರಕ್ಕೆ ನೂರು. ಕ್ಯಾಲಿಯೊಪಿ ಪಾಪಕೋಸ್ಟಾ ಎಂಬ ಗ್ರೀಕ್ ಪುರಾತತ್ತ್ವಜ್ಞೆ ಶಲ್ಲಾಲಾತ್ ಉದ್ಯಾನದಲ್ಲಿ ವರ್ಷಾನುಗಟ್ಟಲೆ ಅಗೆಯುತ್ತಿರುವುದು ಅದಕ್ಕೇ. ಊರಿನ ಮಧ್ಯೆ ಮನೆಗಳಿಲ್ಲದ ತಾಣ ಅಂತ ಉಳಿದಿರುವುದೇ ಪಾರ್ಕು. ಆಕೆಗೂ ನೀರೇ ಶತ್ರು, ಪಂಪ್ ಇಲ್ಲದೆ ಕೆಲಸ ನಡೆಯುವುದಿಲ್ಲ. 2009ರಲ್ಲಿ ಅಲ್ಲೊಂದು ಅಮೃತಶಿಲೆಯ ಪ್ರತಿಮೆ ಸಿಕ್ಕಿತು, ಹೆಲೆನಿಸ್ಟಿಕ್ ಕಾಲದ್ದು (ಅಲೆಕ್ಸಾಂಡರನ ನಂತರದ ಗ್ರೀಕ್ ಅರಸರ ಕಾಲ), ಅಲೆಕ್ಸಾಂಡರನದೇ ಇರಬೇಕು ಅನ್ನುತ್ತಾರೆ. ಹತ್ತು ಮೀಟರಿಗೂ ಕೆಳಗೆ ಹಳೆಯ ರಾಜಬಡಾವಣೆಯ ಬುನಾದಿಗಳೂ ಸಿಕ್ಕಿವೆ. ಸಮಾಧಿ ಸಿಕ್ಕಿಲ್ಲ. ಇವತ್ತು ಹುಡುಕುತ್ತಿರುವವರಲ್ಲಿ ನನಗೆ ಭರವಸೆ ಇರುವುದು ಈಕೆಯ ಮೇಲೆ ಮಾತ್ರ, ಯಾಕೆಂದರೆ ಊರಿನ ನಕ್ಷೆ ಹಿಡಿದು ಅಗೆಯುತ್ತಿದ್ದಾರೆ, ಕನಸು ಹಿಡಿದಲ್ಲ.

ನಕ್ಷೆ ಅಂದರೆ ಮಹಮೂದ್ ಅಲ್ ಫಲಕಿ 1860ರ ದಶಕದಲ್ಲಿ ತಯಾರಿಸಿದ್ದು. ಆಗಿನ್ನೂ ಹೊಸ ಊರು ಪೂರ್ತಿ ಎದ್ದಿರಲಿಲ್ಲ, ಹಳೆಯ ಬೀದಿಗಳ ಗುರುತು ಅಲ್ಲಲ್ಲಿ ಸಿಗುತ್ತಿತ್ತು. ಫಲಕಿಯ ಅಂದಾಜಿನಲ್ಲಿ ಸಮಾಧಿ ಇದ್ದದ್ದು ಕೋಮ್ ಅಲ್ ದಿಕ್ಕಾ ದಿಬ್ಬದ ಆಸುಪಾಸಿನಲ್ಲಿ, ನಬಿ ದಾನಿಯಾಲ್ ಮಸೀದಿ ಇರುವ ಕಡೆ. ಟ್ರಾಯ್ ಅಗೆದ ಶ್ಲೀಮನ್ 1888ರಲ್ಲಿ ಅಲ್ಲಿ ಅಗೆಯಲು ಹೋಗಿ ಅನುಮತಿ ಸಿಗದೆ ವಾಪಸಾದ.

ಸತ್ಯವೇವ

ನೋಡಿದ್ರಾ, ಮಸೀದಿ ಕೆಳಗಿದೆ ಅಂತ ಎಲ್ಲರಿಗೂ ಗೊತ್ತು, ಅಗೆಯೋಕೆ ಬಿಡ್ತಿಲ್ಲ ಅಷ್ಟೇ. ಇದು ಎಲ್ಲಾ ಕಡೆ

ನಿರ್ವಾಹಕ

ಮೇಲಿನ ಪ್ರತಿಕ್ರಿಯೆಯ ಉಳಿದ ಭಾಗ ತೆಗೆಯಲಾಗಿದೆ. ಚರ್ಚೆ ಈಜಿಪ್ಟಿನಲ್ಲೇ ಇರಲಿ.

ಕಲ್ಲುಬರಹ

ನಿರ್ವಾಹಕರಿಗೆ ಧನ್ಯವಾದ. ಆದರೂ ವಿಷಯಕ್ಕೆ ಸಂಬಂಧಪಟ್ಟಷ್ಟು ಹೇಳಬೇಕು. ಆ ಮಸೀದಿಯ ಕೆಳಗೂ ಪಕ್ಕದಲ್ಲೂ ಪರೀಕ್ಷೆ ನಡೆದಿದೆ, ಅಲೆಕ್ಸಾಂಡರನ ಗುರುತು ಏನೂ ಸಿಕ್ಕಿಲ್ಲ. ಪಕ್ಕದ ಕೋಮ್ ಅಲ್ ದಿಕ್ಕಾದಲ್ಲಿ ಪೋಲೆಂಡಿನವರು 1960ರಿಂದ ಅಗೆದು ರೋಮನ್ ಕಾಲದ ರಂಗಮಂದಿರ, ಸ್ನಾನಗೃಹ, ಪಾಠ ಹೇಳುವ ಕೋಣೆಗಳ ಸಾಲನ್ನೇ ತೆಗೆದಿದ್ದಾರೆ. ಅಲ್ಲೂ ಸಮಾಧಿಯಿಲ್ಲ. ಇನ್ನೊಂದು, ಅಲೆಕ್ಸಾಂಡರನ ನೆನಪನ್ನು ಆ ಊರಿನಲ್ಲಿ ಉಳಿಸಿಕೊಂಡದ್ದು ಅರಬರೇ. ಹತ್ತನೇ ಶತಮಾನದಲ್ಲಿ ಅಲ್ ಮಸೂದಿ ಅವನ ಹೆಸರಿನ ಸ್ಮಾರಕವೊಂದನ್ನು ಹೇಳುತ್ತಾನೆ. ಹದಿನಾರನೇ ಶತಮಾನದಲ್ಲಿ ಲಿಯೊ ಆಫ್ರಿಕಾನಸ್, ಪಾಳುಮನೆಗಳ ನಡುವೆ ಗುಡಿಯಂಥ ಚಿಕ್ಕ ಕಟ್ಟಡವಿದೆ, ಅಲೆಕ್ಸಾಂಡರನ ಗೋರಿ ಅಂತ ಜನ ದೂರದಿಂದ ಬಂದು ಕೈಮುಗಿದು ಕಾಣಿಕೆ ಹಾಕುತ್ತಾರೆ ಅನ್ನುತ್ತಾನೆ.

ದೋಹಾ_ಕುಡ್ಲ

ನಾನು ಕೆಲಸ ಮಾಡುವುದು ಕತಾರಿನಲ್ಲಿ, ಈದ್ ರಜೆಯಲ್ಲಿ ಮನೆಯವರ ಜೊತೆ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಬಂದವ. ನೀವು ಹೇಳಿದ ನಬಿ ದಾನಿಯಾಲ್ ಬೀದಿ ಈಗ ಹಳೇ ಪುಸ್ತಕದ ಅಂಗಡಿಗಳ ಬೀದಿ ಮಾರಾಯ್ರೆ. ಫುಟ್‌ಪಾತಿನಲ್ಲಿ ಪುಸ್ತಕ ರಾಶಿ ಹಾಕಿಕೊಂಡು ಕೂತಿರುತ್ತಾರೆ, ಮಕ್ಕಳ ಗೈಡು, ಫ್ರೆಂಚ್ ಕಾದಂಬರಿ, ಹಳೇ ಮ್ಯಾಗಜಿನ್ ಎಲ್ಲ ಒಟ್ಟಿಗೆ. ನಮ್ಮ ಟ್ಯಾಕ್ಸಿಯವನಿಗೆ ಇಸ್ಕಂದರ್‌ನ (ಅಲೆಕ್ಸಾಂಡರನಿಗೆ ಅಲ್ಲಿನವರ ಹೆಸರು) ಗೋರಿ ಎಲ್ಲಿ ಅಂತ ಕೇಳಿದ್ದಕ್ಕೆ, ನೀವು ಯಾವುದನ್ನು ಕೇಳುತ್ತಿದ್ದೀರಿ, ನನಗೆ ನಾಲ್ಕು ಗೊತ್ತುಂಟು ಅಂದ!

ಗೊಜ್ಜವಲಕ್ಕಿ

ನಾಲ್ಕರಲ್ಲಿ ಒಂದು ಆ ಕಪ್ಪು ಪೆಟ್ಟಿಗೆ ಇರಬೇಕು. 2018ರಲ್ಲಿ ಸಿಕ್ಕಿತ್ತಲ್ಲ, ಅದರೊಳಗಿನ ಕೆಂಪು ರಸ ಕುಡಿಯೋಕೆ ಬಿಡಿ ಅಂತ ಜನ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ರು. ನಾನೂ ಸಹಿ ಹಾಕಿದ್ದೆ.

ಮಲ್ಲಿಗೆಮೊಗ್ಗು

ಅಯ್ಯೋ, ಅದೇನು ಕಥೆ?

ಕಲ್ಲುಬರಹ

ಅಲೆಕ್ಸಾಂಡ್ರಿಯಾದ ಸಿದಿ ಗಾಬರ್ ಬಡಾವಣೆಯಲ್ಲಿ ಯಾರೋ ಮನೆ ಕಟ್ಟಲು ನೆಲ ಅಗೆಯುವ ಮುಂಚೆ ಪರೀಕ್ಷೆ ಮಾಡಿದಾಗ ಐದು ಮೀಟರ್ ಆಳದಲ್ಲಿ ಕಪ್ಪು ಗ್ರಾನೈಟಿನ ಶವಪೆಟ್ಟಿಗೆ ಸಿಕ್ಕಿತು. 1.85 ಮೀಟರ್ ಎತ್ತರ, ಸುಮಾರು 30 ಟನ್ ತೂಕ, ಮುಚ್ಚಳದ ಗಾರೆ ಹಾಗೇ ಇತ್ತು. ಎರಡು ವಾರ ಲೋಕವೆಲ್ಲ ಅಲೆಕ್ಸಾಂಡರ್ ಅಲೆಕ್ಸಾಂಡರ್ ಅಂತ ಕುಣಿಯಿತು, ತೆಗೆದರೆ ಪ್ರಳಯವಾಗುತ್ತೆ ಅಂತಲೂ ಹೇಳಿದರು. ಮುಚ್ಚಳ ಸ್ವಲ್ಪ ಎತ್ತಿದ್ದೇ ತಡ, ಗಬ್ಬುನಾತಕ್ಕೆ ಎಲ್ಲರೂ ಓಡಿದರು. ಒಳಗೆ ಮೂರು ಅಸ್ಥಿಪಂಜರ, ಕೆಂಪು ಬಣ್ಣದ ಕೊಳಚೆ. ರಸವಲ್ಲ, ಬೀದಿಯ ಚರಂಡಿ ನೀರು ಬಿರುಕಿನಿಂದ ಒಳಗಿಳಿದು ನಿಂತದ್ದು. ಈಜಿಪ್ಟಿನ ಪುರಾತತ್ತ್ವ ಮಂಡಳಿಯ ಆಗಿನ ಮುಖ್ಯಸ್ಥ ಮುಸ್ತಫಾ ವಜೀರಿ, ಮೊದಲು ತಲೆ ಒಳಗೆ ಹಾಕಿದವನು ನಾನೇ, ಏನೂ ಆಗಿಲ್ಲ ನೋಡಿ ಅಂತ ಪತ್ರಕರ್ತರ ಮುಂದೆ ಹೇಳಬೇಕಾಯಿತು. ಆ ಮೂವರಲ್ಲಿ ಒಬ್ಬರು ಹೆಂಗಸು. ಒಬ್ಬ ಗಂಡಸಿನ ತಲೆಬುರುಡೆಯಲ್ಲಿ ಶಸ್ತ್ರಚಿಕಿತ್ಸೆಯ ತೂತು ಇತ್ತು, ಅದು ಮಾಯ್ದ ಮೇಲೂ ಅವನು ಬದುಕಿದ್ದ. ನಿಜವಾದ ಸುದ್ದಿ ಅದು, ಆದರೆ ಅಷ್ಟು ಹೊತ್ತಿಗೆ ಯಾರಿಗೂ ಆಸಕ್ತಿ ಉಳಿದಿರಲಿಲ್ಲ.

ಹುಬ್ಬಳ್ಳಿ_ಹುಡುಗ

ಲಂಡನ್ ಮ್ಯೂಸಿಯಂದಾಗ ಅಲೆಕ್ಸಾಂಡರನ ಪೆಟಗಿ ಐತಿ ಅಂತಾರಲ್ರೀ? ನಮ್ಮ ಕಾಕಾ ಒಬ್ರು ನೋಡ್ಯಾರ.

ಕಲ್ಲುಬರಹ

ನಿಮ್ಮ ಕಾಕಾ ನೋಡಿದ್ದು ಎರಡನೇ ನೆಕ್ಟನೆಬೊನ ಶಿಲಾಪೆಟ್ಟಿಗೆ. ಈಜಿಪ್ಟನ್ನಾಳಿದ ಕೊನೆಯ ದೇಶೀ ಫೇರೋ ಅವನು. ಪರ್ಶಿಯನ್ನರಿಗೆ ಸೋತು ಓಡಿಹೋದ್ದರಿಂದ ಅದರಲ್ಲಿ ಮಲಗುವ ಯೋಗ ಅವನಿಗೆ ಬರಲಿಲ್ಲ. 1798ರಲ್ಲಿ ನೆಪೋಲಿಯನ್ ಜೊತೆ ಬಂದವರಿಗೆ ಅದು ಅತ್ತಾರೀನ್ ಮಸೀದಿಯಲ್ಲಿ ಕಂಡಿತು, ಕೈಕಾಲು ತೊಳೆಯುವ ತೊಟ್ಟಿಯಾಗಿ. ನೀರು ಹೋಗಲು ಬುಡದ ಸುತ್ತ ಕೊರೆದ ತೂತುಗಳು ಈಗಲೂ ಇವೆ. ಅಲೆಕ್ಸಾಂಡರನದೇ ಅಂತ ಊರವರು ಹೇಳುತ್ತಿದ್ದರು. ಬ್ರಿಟಿಷರು ಫ್ರೆಂಚರಿಂದ ಕಿತ್ತುಕೊಂಡು ಲಂಡನ್ನಿಗೆ ಸಾಗಿಸಿದರು. ಎಡ್ವರ್ಡ್ ಕ್ಲಾರ್ಕ್ ಎಂಬವರು 1805ರಲ್ಲಿ ಇದು ಅಲೆಕ್ಸಾಂಡರನದೇ ಎಂದು ಪುಸ್ತಕವನ್ನೇ ಬರೆದರು. ಆಮೇಲೆ 1822ರಲ್ಲಿ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿ ಓದುವ ದಾರಿ ತೋರಿಸಿದ ಮೇಲೆ, ಪೆಟ್ಟಿಗೆಯ ಮೈತುಂಬ ಬೇರೆಯವನ ಹೆಸರು ಇದೆ ಅಂತ ತಿಳಿಯಿತು.

ಹಾಗಂತ ಕಥೆ ಅಲ್ಲಿಗೇ ಮುಗಿಯಲಿಲ್ಲ. ಟಾಲೆಮಿ ಆತುರಾತುರವಾಗಿ ಮೆಂಫಿಸ್‌ಗೆ ದೇಹ ತಂದಾಗ ರಾಜಯೋಗ್ಯವಾದ ಒಂದು ಖಾಲಿ ಪೆಟ್ಟಿಗೆ ಸಿದ್ಧವಾಗಿತ್ತು, ಅದನ್ನೇ ಬಳಸಿರಬಹುದು ಅನ್ನುವ ವಾದ ಇದೆ. ಇಲ್ಲದಿದ್ದರೆ ಮೆಂಫಿಸ್ ಕಡೆಯ ಪೆಟ್ಟಿಗೆ ಅಲೆಕ್ಸಾಂಡ್ರಿಯಾಕ್ಕೆ ಯಾಕೆ ಬಂತು ಎಂಬ ಪ್ರಶ್ನೆ. ಈ ವಾದ ಮಾಡುವ ಆಂಡ್ರ್ಯೂ ಚಗ್ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. 828ರಲ್ಲಿ ವೆನಿಸ್ಸಿನ ವರ್ತಕರು ಹಂದಿಮಾಂಸದ ಕೆಳಗೆ ಬಚ್ಚಿಟ್ಟು ಅಲೆಕ್ಸಾಂಡ್ರಿಯಾದಿಂದ ಕದ್ದೊಯ್ದ ಸಂತ ಮಾರ್ಕನ ದೇಹವೇ ಅಲೆಕ್ಸಾಂಡರನದು ಎನ್ನುವತನಕ ಹೋಗುತ್ತಾರೆ. ಒಬ್ಬರ ಸಮಾಧಿ ಕಾಣೆಯಾದ ಕಾಲಕ್ಕೇ ಇನ್ನೊಬ್ಬರ ಸಮಾಧಿಯ ಸುದ್ದಿ ಶುರುವಾಗುತ್ತದೆ ಅನ್ನುವುದು ಇದಕ್ಕೆ ಮುಖ್ಯ ಆಧಾರ. ಅಷ್ಟಕ್ಕೆ ಇಷ್ಟು ದೂರ ಹಾರುವುದು ನನಗೆ ಒಗ್ಗುವುದಿಲ್ಲ.

ಮಲ್ಲಿಗೆಮೊಗ್ಗು

ಎಲ್ಲರೂ ಅಲೆಕ್ಸಾಂಡರನ ಹಿಂದೆ ಬಿದ್ದಿದ್ದೀರಿ, ಕ್ಲಿಯೋಪಾತ್ರ ಕಥೆ ಹೇಳಿ. ಟಪೋಸಿರಿಸ್ ಮ್ಯಾಗ್ನಾ ದೇವಾಲಯದಲ್ಲಿ ಕ್ಯಾಥ್ಲೀನ್ ಮಾರ್ಟಿನೆಜ್ 2005ರಿಂದ ಹುಡುಕ್ತಿದ್ದಾರೆ. ವಕೀಲಿ ಬಿಟ್ಟು ಬಂದ ಹೆಂಗಸು, ಡೊಮಿನಿಕನ್ ರಿಪಬ್ಲಿಕ್‌ನವರು. ಕ್ಲಿಯೋಪಾತ್ರಳ ಮುಖ ಇರೋ ನಾಣ್ಯ ಸಿಕ್ಕಿದೆ, ಬಾಯಲ್ಲಿ ಚಿನ್ನದ ನಾಲಿಗೆ ಇಟ್ಟ ಮಮ್ಮಿಗಳು ಸಿಕ್ಕಿವೆ, 2022ರಲ್ಲಿ 13 ಮೀಟರ್ ಆಳದಲ್ಲಿ 1,305 ಮೀಟರ್ ಉದ್ದದ ಸುರಂಗ ಸಿಕ್ಕಿತು. ಕಳೆದ ವರ್ಷಗಳಲ್ಲಿ ಸಮುದ್ರದೊಳಗೂ ಬಂದರಿನ ಕುರುಹು ಅಂತ ಸುದ್ದಿ ಬಂತು. ಇಷ್ಟಾದ್ರೂ ತಜ್ಞರು ಮೂಗು ಮುರೀತಾರೆ. ಹೊರಗಿನವಳು ಅಂತ ತಾನೇ?

ಕಲ್ಲುಬರಹ

ಆಕೆಯ ಛಲಕ್ಕೆ ನನ್ನದೂ ನಮಸ್ಕಾರ. ಆಕೆ ಅಗೆಯುವ ಮುಂಚೆ ಆ ದೇವಾಲಯದಲ್ಲಿ ಇಷ್ಟೆಲ್ಲ ಇದೆ ಅಂತ ಯಾರೂ ಎಣಿಸಿರಲಿಲ್ಲ. ಆದರೆ ಸಿಕ್ಕಿದ್ದು ಬೇರೆ, ಹುಡುಕುತ್ತಿರುವುದು ಬೇರೆ. ಟಪೋಸಿರಿಸ್ ಇರುವುದು ಅಲೆಕ್ಸಾಂಡ್ರಿಯಾದಿಂದ ಪಶ್ಚಿಮಕ್ಕೆ ಸುಮಾರು 45 ಕಿಲೊಮೀಟರ್ ದೂರ. ಕ್ಲಿಯೋಪಾತ್ರ ಸತ್ತಿದ್ದು ಕ್ರಿ.ಪೂ. 30ರ ಆಗಸ್ಟಿನಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ. ಅವಳು ಬದುಕಿರುವಾಗಲೇ ಅರಮನೆಯ ಹತ್ತಿರ ಐಸಿಸ್ ಗುಡಿಯ ಪಕ್ಕ ತನ್ನ ಸಮಾಧಿ ಕಟ್ಟಿಸಿಕೊಂಡಿದ್ದಳು, ಕೊನೆಯ ದಿನಗಳಲ್ಲಿ ಅದರೊಳಗೇ ಬಾಗಿಲು ಹಾಕಿಕೊಂಡಿದ್ದಳು, ಗಾಯಗೊಂಡ ಪ್ರಿಯಕರ ಆಂಟನಿಯನ್ನು ಹಗ್ಗ ಕಟ್ಟಿ ಕಿಟಕಿಯಿಂದ ಮೇಲಕ್ಕೆಳೆದುಕೊಂಡರು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಇಬ್ಬರನ್ನೂ ಒಟ್ಟಿಗೆ ರಾಜಮರ್ಯಾದೆಯಿಂದ ಮಣ್ಣು ಮಾಡಲು ಯುದ್ಧ ಗೆದ್ದ ಆಕ್ಟೇವಿಯನ್, ಅಂದರೆ ಮುಂದೆ ಅಗಸ್ಟಸ್ ಅನಿಸಿಕೊಂಡವನು, ಅಪ್ಪಣೆ ಕೊಟ್ಟ. ಗೆದ್ದವನ ಅಪ್ಪಣೆಯ ಮೇಲೆ ನಡೆದ ಶವಸಂಸ್ಕಾರ ಗುಟ್ಟಾಗಿ 45 ಕಿಲೊಮೀಟರ್ ಆಚೆ ಯಾಕೆ ಆಗಬೇಕು? ದೇಹವನ್ನು ಗುಟ್ಟಾಗಿ ಸಾಗಿಸಿದರು ಅನ್ನುವುದು ಮಾರ್ಟಿನೆಜ್ ಅವರ ಊಹೆ, ಅದಕ್ಕೆ ಹಳೆಯ ಬರಹದ ಆಧಾರವಿಲ್ಲ. ಈಜಿಪ್ಟಿನ ಪುರಾತತ್ತ್ವಜ್ಞ ಜಾಹಿ ಹವಾಸ್ ಮೊದಲು ಜೊತೆಗಿದ್ದವರು, ಈಗ ಒಪ್ಪುವುದಿಲ್ಲ.

ಅರಮನೆಯ ಆ ಭಾಗ ಭೂಕಂಪಗಳಲ್ಲಿ, ನೆಲ ಕುಸಿದು, ಸಮುದ್ರದ ಪಾಲಾಯಿತು. ಫ್ರಾಂಕ್ ಗೊಡಿಯೊ ಅವರ ಮುಳುಗುಗಾರರು 1990ರ ದಶಕದಿಂದ ಪೂರ್ವ ಬಂದರಿನ ತಳದಲ್ಲಿ ಬೀದಿ, ಕಂಬ, ಸ್ಫಿಂಕ್ಸ್‌ಗಳ ನಕ್ಷೆ ಮಾಡಿದ್ದಾರೆ. ಕ್ಲಿಯೋಪಾತ್ರ ಅಲ್ಲೇ ಎಲ್ಲೋ ನೀರಿನಡಿ ಇದ್ದಾಳೆ, ಅಥವಾ ಇದ್ದಳು, ಅನ್ನುವುದು ನನ್ನ ಎಣಿಕೆ.

ಮಲ್ಲಿಗೆಮೊಗ್ಗು

ಊಹೆಗೆ ಆಧಾರ ಇಲ್ಲ ಅಂದ್ರಿ, ನಿಮ್ಮದೂ ಊಹೆನೇ ಅಲ್ವಾ! ನೀರಿನೊಳಗೂ ಸಮಾಧಿ ಸಿಕ್ಕಿಲ್ಲ ತಾನೆ. ಕನಿಷ್ಠ ಆಕೆ ಕೈಗೆ ಸಿಗೋ ಜಾಗದಲ್ಲಿ ಹುಡುಕ್ತಿದ್ದಾರೆ. ನಾನಂತೂ ಮಾರ್ಟಿನೆಜ್ ಕಡೆ.

ಹೊಯ್ಸಳನಾಡು

ಈಜಿಪ್ಟು ಸರಿ, ನಮ್ಮ ಹಾಸನದ ಕಡೆಯದೊಂದು ಸೇರಿಸ್ತೀನಿ. ಅಲೆಕ್ಸಾಂಡರನನ್ನು ಹುಡುಗನಾಗಿದ್ದಾಗ ನೋಡಿದ್ದ ಅಂತ ಪ್ಲುಟಾರ್ಕ್ ಹೇಳುವ ಚಂದ್ರಗುಪ್ತ ಮೌರ್ಯ, ಜೈನ ಪರಂಪರೆಯ ಪ್ರಕಾರ ರಾಜ್ಯ ಬಿಟ್ಟು ಭದ್ರಬಾಹು ಮುನಿಗಳ ಜೊತೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಮಾಡಿದ. ಚಂದ್ರಗಿರಿ ಬೆಟ್ಟದಲ್ಲಿ ಭದ್ರಬಾಹು ಗುಹೆ, ಅದರಲ್ಲಿ ಪಾದಗಳು, ಚಂದ್ರಗುಪ್ತ ಬಸದಿಯಲ್ಲಿ ಈ ಕಥೆಯನ್ನೇ ಕೆತ್ತಿದ ಕಲ್ಲಿನ ಜಾಲಂಧ್ರ ಎಲ್ಲ ಇದೆ. ಇದನ್ನು ಕಳೆದುಹೋದ ಸಮಾಧಿ ಅನ್ನಬಹುದಾ?

ಕಲ್ಲುಬರಹ

ಹತ್ತಿರದ ಪ್ರಶ್ನೆ, ಆದರೆ ಬೇರೆ ಜಾತಿಯದು. ಬೆಟ್ಟದ ಮೇಲಿನ ಕ್ರಿ.ಶ. 600ರ ಸುಮಾರಿನ ಶಾಸನ ಭದ್ರಬಾಹು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಕ್ಷಾಮವನ್ನು ಮುನ್ನುಡಿದದ್ದನ್ನೂ, ಸಂಘ ದಕ್ಷಿಣಕ್ಕೆ ಬಂದದ್ದನ್ನೂ ಹೇಳುತ್ತದೆ. ಅಲ್ಲಿ ದೇಹ ಬಿಟ್ಟವರ ಹೆಸರು ಪ್ರಭಾಚಂದ್ರ ಅಂತಿದೆ. ಇವರೇ ಚಂದ್ರಗುಪ್ತ ಅಂತ ಶಾಸನತಜ್ಞ ಲೂಯಿಸ್ ರೈಸ್ ಒಪ್ಪಿದರು, ಫ್ಲೀಟ್ ಒಪ್ಪಲಿಲ್ಲ, ಆ ಜಗಳ ನೂರು ವರ್ಷ ದಾಟಿದೆ. ಆದರೆ ಸಲ್ಲೇಖನದಲ್ಲಿ ಗೋರಿ ಕಟ್ಟಿ ದೇಹ ಕಾಪಾಡುವ ಮಾತೇ ಇಲ್ಲವಲ್ಲ. ನಿಸಿಧಿ ಕಲ್ಲು, ಪಾದ, ಒಂದು ಹೆಸರು. ಹುಡುಕಲಿಕ್ಕೆ ಏನೂ ಇಟ್ಟುಹೋಗದವರದು ಕಳೆದುಹೋಯಿತು ಅನ್ನಲಾಗದು.

ಕೋಟೆಬೆಟ್ಟ

ಕಲ್ಲುಬರಹ ಅವರೇ, ಇಷ್ಟು ಹೇಳಿದ ಮೇಲೆ ಒಂದು ನೇರ ಪ್ರಶ್ನೆ. ಅಲೆಕ್ಸಾಂಡರನ ಅಪ್ಪ ಫಿಲಿಪ್ಪನ ಗೋರಿ ಸಿಕ್ಕಿದೆ ಅಂತಾರೆ. ಅಪ್ಪನದು ಸಿಕ್ಕಿ ಮಗನದು ಯಾಕೆ ಸಿಗಲಿಲ್ಲ?

ಕಲ್ಲುಬರಹ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. 1977ರ ನವೆಂಬರಿನಲ್ಲಿ ಉತ್ತರ ಗ್ರೀಸಿನ ವರ್ಜೀನಾ ಎಂಬ ಹಳ್ಳಿಯಲ್ಲಿ, ಅಂದರೆ ಮೊದಲೇ ಹೇಳಿದ ಐಗೈ ಇದ್ದ ಜಾಗದಲ್ಲಿ, ಪುರಾತತ್ತ್ವಜ್ಞ ಮನೊಲಿಸ್ ಆಂಡ್ರೊನಿಕೊಸ್ ಒಂದು ದಿಬ್ಬ ಅಗೆದರು. 110 ಮೀಟರ್ ಅಗಲ, 12 ಮೀಟರ್ ಎತ್ತರದ ಮಣ್ಣಿನ ಗುಡ್ಡೆ. ಕೆಳಗೆ ಕಳ್ಳರು ಮುಟ್ಟದ ಗೋರಿ, ಒಳಗೆ ಚಿನ್ನದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಸುಟ್ಟ ಮೂಳೆ, ಮೇಲೆ ಓಕ್ ಎಲೆಯ ಚಿನ್ನದ ಕಿರೀಟ. ಅದು ಫಿಲಿಪ್ಪನದೋ ಅಲೆಕ್ಸಾಂಡರನ ಮಲಸೋದರ ಅರ್ಹಿಡಿಯಸ್‌ನದೋ ಅಂತ ಇನ್ನೂ ಕಿತ್ತಾಟ ಇದೆ. ಪಕ್ಕದ ಗೋರಿಯಲ್ಲಿ ಸಿಕ್ಕ ಹದಿಹರೆಯದ ಹುಡುಗ ಬಹುಮಟ್ಟಿಗೆ ಅಲೆಕ್ಸಾಂಡರನ ಮಗನೇ. ಅಂದರೆ ಆ ಮನೆಯಲ್ಲಿ ಯಾರ ದೇಹ ಐಗೈಗೆ ಹೋಯಿತೋ ಅವರೆಲ್ಲ ಉಳಿದರು. ಐಗೈ ಆಮೇಲೆ ದೊಡ್ಡ ಊರಾಗಿ ಬೆಳೆಯಲಿಲ್ಲ, ಹೊಲಗದ್ದೆಯಾಯಿತು. ಟಾಲೆಮಿ ಆ ಗಾಡಿ ತಡೆಯದೆ ಹೋಗಿದ್ದರೆ ಅಲೆಕ್ಸಾಂಡರನೂ ಇವತ್ತು ಅದೇ ದಿಬ್ಬದಡಿ ಸಿಗುತ್ತಿದ್ದನೋ ಏನೋ.

ಅಲೆಕ್ಸಾಂಡ್ರಿಯಾ ಒಂದು ದಿನವೂ ನಿಲ್ಲದೆ ಬದುಕಿದ ಊರು. ಬದುಕುವ ಊರು ತನ್ನ ಕಲ್ಲನ್ನೆಲ್ಲ ತಾನೇ ತಿಂದುಕೊಳ್ಳುತ್ತದೆ.

ಗೊಜ್ಜವಲಕ್ಕಿ

ಅಂದ್ರೆ ಅಲೆಕ್ಸಾಂಡರ್ ಈಗ ಯಾರದೋ ಬಚ್ಚಲುಮನೆ ಗೋಡೇಲಿ ಇದ್ದಾನೆ ಅಂತಾಯ್ತು.

ಕಲ್ಲುಬರಹ

ಅವನಲ್ಲ, ಅವನ ಸ್ಮಾರಕ. ದೇಹದ ಆಸೆ ನನಗಿಲ್ಲ. ಆದರೆ ಕಟ್ಟಡದ ಅಡಿಪಾಯದ ಒಂದು ಮೂಲೆ ಎಂದಾದರೂ ಸಿಗಬಹುದು ಅಂತ ನಂಬಿದ್ದೇನೆ. ಅಲೆಕ್ಸಾಂಡ್ರಿಯಾದ ಲ್ಯಾಟಿನ್ ಸ್ಮಶಾನದಲ್ಲಿ 1907ರಲ್ಲಿ ಸಿಕ್ಕಿದ ಅಲಬಾಸ್ಟರ್ ಕೋಣೆಯ ಬಗ್ಗೆ ಬರೆಯದೆ ಬಿಟ್ಟೆ ನೋಡಿ. ಒಂದೊಂದೇ ದೈತ್ಯ ಬಂಡೆಯಲ್ಲಿ ಗೋಡೆ, ಚಾವಣಿ. ಮೆಸಿಡೋನಿಯದ ಶೈಲಿಯ ಗೋರಿಯ ಹೊರಕೋಣೆ. ಒಳಗಿನ ಮುಖ್ಯ ಕೋಣೆ ಇಲ್ಲ. ಅಕಿಲೆ ಅಡ್ರಿಯಾನಿ ಎಂಬ ಇಟಲಿಯ ವಿದ್ವಾಂಸ ಇದೇ ಅಲೆಕ್ಸಾಂಡರನದು ಅಂತ ವಾದಿಸಿದ್ದರು. ಅವನದೋ ಅಲ್ಲವೋ, ಯಾರೋ ಬಹಳ ದೊಡ್ಡವರದು.

ಕೋಟೆಬೆಟ್ಟ

ಮುಂದಿನ ಚಳಿಗಾಲ ಹೋಗಿ ಬರೋಣ ಅಂತಿದ್ದೇನೆ. ದೋಹಾ_ಕುಡ್ಲ ಅವರೇ, ಒಂದೇ ದಿನ ಇದ್ದರೆ ಏನು ನೋಡಬೇಕು?

ದೋಹಾ_ಕುಡ್ಲ

ಕೈರೋದಿಂದ ಬೆಳಿಗ್ಗೆಯ ಟ್ರೇನ್ ಹಿಡಿಯಿರಿ. ಮೊದಲು ಕೋಮ್ ಅಲ್ ದಿಕ್ಕಾ, ಬಿಸಿಲೇರುವ ಮುಂಚೆ. ಆಮೇಲೆ ಗ್ರೀಕೊ ರೋಮನ್ ಮ್ಯೂಸಿಯಂ. 2005ರಿಂದ ಮುಚ್ಚಿತ್ತು, 2023ರಲ್ಲಿ ಮತ್ತೆ ತೆರೆದಿದ್ದಾರೆ, ಅರ್ಧ ದಿನ ಅದಕ್ಕೇ ಬೇಕು. ಅಲಬಾಸ್ಟರ್ ಕೋಣೆಗೆ ಬಿಡುತ್ತಾರೋ ಇಲ್ಲವೋ ಅಂತ ಮ್ಯೂಸಿಯಂನಲ್ಲೇ ವಿಚಾರಿಸಿ. ಟ್ಯಾಕ್ಸಿ ಹತ್ತುವ ಮೊದಲೇ ರೇಟು ಮಾತಾಡಿಕೊಳ್ಳಿ ಮಾರಾಯ್ರೆ, ಇಸ್ಕಂದರ್ ಹೆಸರೆತ್ತಿದರೆ ಮೀಟರ್ ಡಬಲ್ ಆಗ್ತದೆ.